ಬೆಳಿಗ್ಗೆ ಆರರಿಂದ ಏಳು

ಫೆಬ್ರುವರಿ 16, ಹ್ಯಾನೋವರ್

ಎರಡನೆಯ ಗೈರುಹಾಜರಿಯೂ ಬಿತ್ತು. ಕಾಗದ ಬಂದಿದೆ.

"ಫೆಬ್ರುವರಿ 14ರಂದು ಬೆಳಿಗ್ಗೆ ಆರರಿಂದ ಏಳರ ನಡುವೆ, ನೀವೇ ತಿಳಿಸಿದ್ದ ವಿಳಾಸದಲ್ಲಿ ನೀವು ಸಿಗಲಿಲ್ಲ." ಸಿಗಲಿಲ್ಲವಂತೆ! ಎಲ್ಲಿಗೆ ಹೋಗಿದ್ದೆ ನಾನು? ಇದೇ ಮನೆಯಲ್ಲಿ, ಇದೇ ಮಂಚದ ಮೇಲೆ, ಕೆಳಗಿನ ಮನೆಯ ನಾಯಿಯ ಕಾಟಕ್ಕೆ ಕಿವಿಗೆ ಹತ್ತಿ ತುರುಕಿಕೊಂಡು ಬಿದ್ದಿದ್ದೆ. ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದು, ಪೂರ್ತಿ ಅರವತ್ತು ನಿಮಿಷ ಬೀದಿಬಾಗಿಲಲ್ಲಿ ನಿಂತು, ಬೆಲ್ ಒತ್ತಿ ಒತ್ತಿ ಹೋಗಿದ್ದಾರೆ. ನನಗೆ ಕೇಳಿಸಿಲ್ಲ. ಕೇಳಿಸದಿದ್ದದ್ದೂ ನನ್ನ ತಪ್ಪೇ ಎಂದು ನಿಯಮದಲ್ಲಿದೆ.

ಮೊದಲನೆಯದು ಹೋದ ಸೆಪ್ಟೆಂಬರ್ 19ರದು. ಪ್ರಾಗ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತು ಸಿಟ್ಟಿನಲ್ಲಿ ಸಂಜೆಯ ರೈಲು ಹತ್ತಿ ಬಂದುಬಿಟ್ಟಿದ್ದೆ. ಮೂರು ಮೂರು ತಿಂಗಳದ್ದನ್ನು ಮುಂಚೆಯೇ ಪರೀಕ್ಷೆಯವರಿಗೆ ದಿನಕ್ಕೊಂದು ಗಂಟೆ, ಒಂದು ಜಾಗ ಅಂತ ಬರೆದುಕೊಡುತ್ತೇವಲ್ಲ, ಅದರಲ್ಲಿ ಮರುದಿನದ್ದು ಪ್ರಾಗ್‌ನ ಹೋಟೆಲ್ ಅಂತಲೇ ಉಳಿದಿತ್ತು. ಅವರು ಹೋಟೆಲಿಗೆ ಹೋದರು, ನಾನು ಮನೆಯಲ್ಲಿದ್ದೆ. ಗೆದ್ದವರು ಹೋಟೆಲ್ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಇದು ಸೋತವರು ಮಾತ್ರ ಮಾಡುವ ತಪ್ಪು.

ಹನ್ನೆರಡು ತಿಂಗಳಲ್ಲಿ ಮೂರಾದರೆ ಎರಡು ವರ್ಷ ನಿಷೇಧ. ಅಂದರೆ ಈ ಸೆಪ್ಟೆಂಬರ್ 19 ದಾಟುವ ತನಕ ಇನ್ನೊಂದು ಬೀಳುವ ಹಾಗಿಲ್ಲ. ಏಳು ತಿಂಗಳು. ನನಗೆ ಮೂವತ್ತೊಂದು, ಟೆನಿಸ್ ರ್‍ಯಾಂಕಿಂಗ್‌ನಲ್ಲಿ ನೂರ ಹನ್ನೆರಡು. ಎರಡು ವರ್ಷ ಕೂತವಳು ಮತ್ತೆ ಏಳುವುದಿಲ್ಲ, ಅದು ಹೋಗಲಿ. ಈ ವೀಬ್ಕೆ ಹಾರ್ಮ್ಸ್ ಮಲಗಿಬಿಟ್ಟಿದ್ದಳು ಎಂದು ಯಾರು ಹೇಳುತ್ತಾರೆ? ಮದ್ದು ತಿಂದಳು ಅನ್ನುತ್ತಾರೆ. ನಮ್ಮೂರಿನ ಬೇಕರಿಯಲ್ಲಿ ಅಪ್ಪ ಬ್ರೆಡ್ ತರಲು ಹೋದಾಗ ಎಲ್ಲರೂ ಬಾಯಿ ಮುಚ್ಚಿಕೊಂಡು ಜಾಗ ಬಿಡುತ್ತಾರೆ.

ಡೆಟ್ಲೆಫ್‌ಗೆ ಫೋನ್ ಮಾಡಿದೆ. ಹನ್ನೊಂದು ವರ್ಷದಿಂದ ನನ್ನ ಕೋಚು, ಬಾಯಿ ಬಿಟ್ಟರೆ ಬೈಗುಳ. "ಥೂ, ನಿನ್ನ ಕಿವಿಗಿಷ್ಟು!" ಅಂದ. ಆಮೇಲೆ ಇನ್ನೊಂದು ಬೈಗುಳವೂ ಇಲ್ಲದೆ ಫೋನ್ ಇಟ್ಟ. ಅವನು ಬೈಯದೆ ಇಟ್ಟದ್ದಕ್ಕೆ ಹೆಚ್ಚು ಹೆದರಿಕೆಯಾಯಿತು.

ಫೆಬ್ರುವರಿ 21, ವೀನರ್

ಅಪ್ಪನ ಮನೆಗೆ ಬಂದುಬಿಟ್ಟೆ. ಪ್ರವಾಸದಲ್ಲಿಲ್ಲದ ದಿನವೆಲ್ಲ ಇನ್ನು ಮೇಲೆ ನನ್ನ ಗಂಟೆ ಇಲ್ಲೇ, ಬೆಳಿಗ್ಗೆ ಆರರಿಂದ ಏಳು. ಲೆಕ್ಕಾಚಾರ ಸರಳ. ಅಪ್ಪ ಊರಿನ ಟೆನಿಸ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವನು, ನಲವತ್ತು ವರ್ಷದಿಂದ ಐದಕ್ಕೆ ಏಳುವವನು. ಅವನು ಇರುವ ಮನೆಯಲ್ಲಿ ಬೆಲ್ ಕೇಳಿಸಲಿಲ್ಲ ಅನ್ನುವ ಮಾತೇ ಇಲ್ಲ.

"ಎಬ್ಬಿಸ್ತೀಯೇನಪ್ಪ ದಿನಾ?"

"ಎಬ್ಬಿಸ್ತೀನಿ."

"ಮಾತು ಕೊಡು."

"ಕೊಟ್ಟೆ ಕಣೇ. ಚಹಾ ಕುಡಿ ಮೊದ್ಲು."

ಡೆಟ್ಲೆಫ್ ಹಾರಾಡಿದ. ಅಭ್ಯಾಸದ ಒಳಾಂಗಣ ಅಂಕಣ ಇರುವುದು ಹ್ಯಾನೋವರ್‌ನಲ್ಲಿ, ನೀನು ಹಾಲೆಂಡ್ ಗಡಿಗೆ ಹೋಗಿ ಕೂತರೆ ನಾನು ಯಾರಿಗೆ ಬಾಲ್ ಹೊಡೀಲಿ, ಗೋಡೆಗಾ? ವಾರಕ್ಕೆ ಮೂರು ದಿನ ಕಾರಿನಲ್ಲಿ ಬರುತ್ತೇನೆ ಅಂದೆ. ಏಳು ತಿಂಗಳ ಮಾತಷ್ಟೇ.

ಅಮ್ಮನ ಕೋಣೆಯಲ್ಲಿ ಮಲಗುತ್ತಿದ್ದೇನೆ, ಅದು ಬೀದಿಬಾಗಿಲಿಗೆ ಹತ್ತಿರ.

ಮಾರ್ಚ್ 9

ಬಂದರು! ಆರು ಹನ್ನೆರಡಕ್ಕೆ ಬೆಲ್ಲು. ಅಪ್ಪ ಕೂಗುವ ಮೊದಲೇ ಬರಿಗಾಲಲ್ಲಿ ಓಡಿ ಬಾಗಿಲು ತೆಗೆದೆ. ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂದರೆ, ಪರೀಕ್ಷೆಯ ಹೆಂಗಸೇ "ಕೂತ್ಕೊಳ್ಳಿ, ಉಸಿರು ತಗೊಳ್ಳಿ" ಅಂದರು.

ರೋಸ್ಕೆ ಅಂತ ಹೆಸರು, ಮರ್ಯಾದೆಗೆ ಫ್ರಾವ್ ರೋಸ್ಕೆ. ಅರವತ್ತು ದಾಟಿದೆ. ಮೊದಲು ನರ್ಸ್ ಆಗಿದ್ದರಂತೆ. ಓಲ್ಡನ್‌ಬುರ್ಗ್‌ನಿಂದ ನಾಲ್ಕೂವರೆಗೆ ಹೊರಟಿದ್ದಾರೆ. ಮೂತ್ರ ಕೊಡುವಾಗ ಕಣ್ಣೆದುರೇ ಇರಬೇಕಲ್ಲ, ಬಚ್ಚಲಮನೆಯ ಬಾಗಿಲಿಗೆ ಒರಗಿ ನಿಂತರು. ನನಗೋ ಒಂದು ಹನಿಯೂ ಬಾರದು.

"ನಾಚ್ಕೋಬೇಡಿಮ್ಮಾ. ಮಂತ್ರಿಗಳ ಮಗಳಿಂದ ಹಿಡಿದು ಕುಸ್ತಿಯವರ ತನಕ ಎಲ್ಲರದ್ದೂ ನೋಡಿದೀನಿ. ಬಣ್ಣ ಒಂದೇ."

ಅಪ್ಪ ಅವರಿಗೂ ಚಹಾ ಕೊಟ್ಟ. ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಟ್ ಎಂದಾಗ "ಆಹಾ" ಅಂದರು. ಕೆನೆಯನ್ನು ಚಮಚದಿಂದ ಕಲಕಲು ಹೋದಾಗ ಅಪ್ಪ ಅವರ ಕೈ ಹಿಡಿದು ನಿಲ್ಲಿಸಿದ, ನಮ್ಮ ಕಡೆ ಚಹಾದ ಕೆನೆ ಕಲಕುವ ಪದ್ಧತಿಯಿಲ್ಲ. ಸರ್ಕಾರಿ ಕೆಲಸದ ಮೇಲೆ ಬಂದವರ ಕೈ ಹಿಡಿಯುತ್ತಾರೆಯೇ! ನಾನು ಸತ್ತೆ ಅಂದುಕೊಂಡೆ. ಅವರು ನಕ್ಕರು.

ಮಾರ್ಚ್ 30

ಮಂಜಿನ ಕಾಲ ಮುಗಿದು ಅಂಕಣಗಳಿಗೆ ಹೊಸ ಕೆಂಪು ಪುಡಿ ಹಾಕುವ ಕೆಲಸ ಶುರುವಾಗಿದೆ. ಏಳು ಗಂಟೆ ಒಂದು ನಿಮಿಷಕ್ಕೆ ಅಪ್ಪನ ಜೊತೆ ಹೋಗಿ ರೋಲರ್ ತಳ್ಳಿದೆ. ಹ್ಯಾನೋವರ್‌ಗೆ ಹೋಗಬೇಕಿತ್ತು, ಹೋಗಲಿಲ್ಲ. ರಸ್ತೆಯಲ್ಲಿ ಲಾರಿಗಳು ಜಾಸ್ತಿ ಎಂದು ರೇಡಿಯೊದಲ್ಲಿ ಹೇಳಿದರು.

ಐದಕ್ಕೇ ಎಚ್ಚರವಾಗುತ್ತದೆ ಈಗ. ಗಡಿಯಾರ ನೋಡುತ್ತೇನೆ, ಐದೂ ಹತ್ತು. ಮತ್ತೆ ನೋಡಿದರೆ ಐದೂ ಹದಿಮೂರು.

ಏಪ್ರಿಲ್ 19, ಪೋಲೆಂಡ್

ಎರಡು ಸುತ್ತು ಗೆದ್ದಿದ್ದೇನೆ. ಎರಡನೆಯದು ಮೂರು ಗಂಟೆಯ ಆಟ. ಗೆದ್ದು ಬಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ವಾಂತಿ ಮಾಡಿದೆ. ಊಟದ ದೋಷವಿರಬೇಕು, ಇಲ್ಲಿನ ಸೂಪಿನಲ್ಲಿ ಎಣ್ಣೆ ತೇಲುತ್ತದೆ.

ಬೆಳಿಗ್ಗೆ ಆರಕ್ಕೆ ಹೋಟೆಲಿನ ಸ್ವಾಗತ ಕೌಂಟರಿಗೆ ಇಳಿದು ಹೋಗಿ ಹೇಳಿದ್ದೆ: "ಯಾರಾದ್ರೂ ನನ್ನ ಕೇಳಿದ್ರೆ ಕೋಣೆ 214, ಫೋನ್ ಮಾಡಬೇಡಿ, ಮೇಲೆ ಕಳಿಸಿ." ಇದೇ ಮಾತು ನಾಲ್ಕನೇ ದಿನ. ಆ ಹುಡುಗಿ ನನ್ನನ್ನು ಅನುಕಂಪದಿಂದ ನೋಡುತ್ತಾಳೆ. ಯಾವನೋ ಕೈಕೊಟ್ಟ ಗೆಳೆಯನಿಗೆ ಕಾಯುತ್ತಿದ್ದೇನೆ ಎಂದುಕೊಂಡಿರಬೇಕು.

ಅಪ್ಪನಿಗೆ ಫೋನ್ ಮಾಡಿದೆ. "ಗೆದ್ಯಾ?" "ಗೆದ್ದೆ." "ಬ್ಯಾಕ್‌ಹ್ಯಾಂಡ್?" "ಪರವಾಗಿಲ್ಲ." ಅಮ್ಮ ಹೋದ ಮೇಲೆ ಹದಿನಾಲ್ಕು ವರ್ಷದಿಂದ ನಮ್ಮಿಬ್ಬರ ಮಾತು ಇಷ್ಟೇ. ಇಷ್ಟಾದರೂ ಇದೆಯಲ್ಲ.

ಏಪ್ರಿಲ್ 21, ರೈಲಿನಲ್ಲಿ

ನಿನ್ನೆ ಸೋತೆ. 6–1, 6–2. ಹದಿನೇಳು ವರ್ಷದ ಹುಡುಗಿ. ಅವಳ ಫೋರ್‌ಹ್ಯಾಂಡ್ ಬರುವಾಗ ನಾನು ಬೇರೆ ಏನನ್ನೋ ಯೋಚಿಸುತ್ತಿದ್ದೆ.

ರಾತ್ರಿ ಒಂಬತ್ತು ತಾಸು ನಿದ್ದೆ. ಇಂದು ರೈಲಿನ ಊಟದ ಬೋಗಿಯಲ್ಲಿ ಎರಡು ಪ್ಲೇಟ್ ಆಲೂಗಡ್ಡೆ, ಮೀನು ತಿಂದೆ. ಡೆಟ್ಲೆಫ್ ಕಿಟಕಿಯಾಚೆ ನೋಡುತ್ತ ಕೇಳಿದ, "ವಿಳಾಸ ಬದಲಾಯಿಸಿದ್ಯಾ?"

ಅಯ್ಯೋ ದೇವರೇ. ಬದಲಾಯಿಸಿರಲಿಲ್ಲ! ನಾಳೆ ಬೆಳಿಗ್ಗೆಯದು ಇನ್ನೂ ಪೋಲೆಂಡಿನ ಕೋಣೆ 214. ಅದೇ ತಪ್ಪು, ಅಕ್ಷರಶಃ ಅದೇ. ಫೋನಿನ ಆ್ಯಪ್ ತೆರೆದು ಮೂರು ಸಲ ತಪ್ಪು ಗುಪ್ತಪದ ಒತ್ತಿದೆ. ಡೆಟ್ಲೆಫ್ ನಾನು ಬದಲಿಸಿ ಮುಗಿಸುವ ತನಕ ನನ್ನ ಮುಖವನ್ನೇ ನೋಡುತ್ತ ಕೂತಿದ್ದ.

ದಣಿವಿನಿಂದ ಮರೆತದ್ದು. ಮೂರು ಗಂಟೆ ಆಡಿದವರಿಗೆ ಗೊತ್ತು.

ಮೇ 14, ಭಾನುವಾರ

ಲೀಗ್ ಪಂದ್ಯ, ನಮ್ಮ ತಂಡದ ತವರು ಅಂಕಣದಲ್ಲಿ. ಮೊದಲ ಸಿಂಗಲ್ಸ್ ನನ್ನದು. ಮೂರನೇ ಸೆಟ್ಟಿನಲ್ಲಿ 5–2 ಮುಂದಿದ್ದೆ, ಎರಡು ಮ್ಯಾಚ್ ಪಾಯಿಂಟ್. ಸೋತೆ.

ಆಮೇಲೆ ಎಂದಿನಂತೆ ಎರಡೂ ತಂಡದವರು ಒಂದೇ ಉದ್ದ ಮೇಜಿನಲ್ಲಿ ಊಟಕ್ಕೆ ಕೂತೆವು. ಬಡಿಸುವುದು ಆತಿಥೇಯ ತಂಡದ ಪಾಳಿ, ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು ನಾನೇ ಓಡಾಡಿದೆ. ನನ್ನನ್ನು ಸೋಲಿಸಿದ ಸ್ವೆನ್ಯಾ ನನಗಿಂತ ಎರಡು ವರ್ಷ ದೊಡ್ಡವಳು. ಹೋದ ವರ್ಷ ವೃತ್ತಿ ಆಟ ಬಿಟ್ಟು ಈಗ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಾಳೆ, ಭಾನುವಾರ ಮಾತ್ರ ಆಡುತ್ತಾಳೆ.

"ಬಿಟ್ಟಾಗ ಹೇಗಿತ್ತೇ?" ಅಂತ ಕೇಳಿದೆ. ಸುಮ್ಮನೆ, ಮಾತಿಗೆ.

"ಮೊದಲ ತಿಂಗಳು ಹುಚ್ಚು ಹಿಡಿದ ಹಾಗಿತ್ತು. ಎರಡನೇ ತಿಂಗಳು ಪರದೆ ಕೊಂಡ್ಕೊಂಡೆ."

"ಪರದೆ?"

"ಕಿಟಕಿಗೆ ಕಣೇ. ಮನೇಲಿ ಪರದೆನೇ ಇರ್ಲಿಲ್ಲ ನೋಡು. ಮನೇಲಿ ಇದ್ರೆ ತಾನೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳನ್ನು ಪರದೆಯ ಬಣ್ಣ ಕೇಳಿದೆನಂತೆ, ಎಲ್ಲಿ ಕೊಂಡೆ ಅಂತಲೂ ಕೇಳಿದೆನಂತೆ. ತಂಡದವರು ಇನ್ನೂ ಅದನ್ನೇ ಹೇಳಿ ಆಡಿಕೊಳ್ಳುತ್ತಿದ್ದಾರೆ.

ಜೂನ್ 12

ಜುಲೈ, ಆಗಸ್ಟ್, ಸೆಪ್ಟೆಂಬರ್‌ನ ಗಂಟೆಗಳನ್ನು ತುಂಬಿ ಕಳಿಸಿದೆ. ಕಳಿಸುವ ಮೊದಲು ಡೆಟ್ಲೆಫ್ ಒಮ್ಮೆ ನೋಡುತ್ತೇನೆ ಅಂದ. ಪುಣ್ಯ, ನೋಡಿದ.

"ಆಗಸ್ಟ್ 12 ಖಾಲಿ ಇದೆ."

"ಇರಲ್ಲ, ತುಂಬಿದೀನಿ."

"ಕಣ್ಣು ಬಿಟ್ಟು ನೋಡೇ. ಖಾಲಿ."

ಖಾಲಿಯೇ ಇತ್ತು. ತೊಂಬತ್ತೆರಡು ದಿನದಲ್ಲಿ ಒಂದು, ಅದೂ ಗೈರುಹಾಜರಿಯ ಲೆಕ್ಕಕ್ಕೇ ಬೀಳುತ್ತಿತ್ತು. ಆ್ಯಪ್‌ನದೇ ದೋಷ, ನಾನು ಖಂಡಿತ ತುಂಬಿದ್ದೆ. ಇವರು ಮಾಡಿದ ಆ್ಯಪು ಇವರ ತಲೆಯ ಹಾಗೇ ಇದೆ. ಸಹಾಯವಾಣಿಗೆ ದೂರು ಕೊಡುತ್ತೇನೆ ಅಂದೆ, ಇನ್ನೂ ಕೊಟ್ಟಿಲ್ಲ.

ಜೂನ್ 30

ಇಂದು ಬದುಕಿದ್ದೇ ಹೆಚ್ಚು.

ಸೆಕೆ ಅಂತ ಕಾಲುವೆಗೆ ಈಜಲು ಹೋಗಿದ್ದೆ. ಏಳು ಗಂಟೆ ಆಯಿತು ಅಂದುಕೊಂಡಿದ್ದೆ! ಗಡಿಯಾರವನ್ನು ದಂಡೆಯ ಮೇಲೆ ಬಟ್ಟೆಯೊಳಗೆ ಇಟ್ಟಿದ್ದೆ. ಅಪ್ಪ ಎಬ್ಬಿಸಿ ಕ್ಲಬ್ಬಿಗೆ ಹೋಗಿದ್ದ, ನಾನು ಚಹಾ ಕುಡಿದೆ, ಒಂದು ಗಂಟೆ ಕಳೆದೇ ಹೋಯಿತು ಅನ್ನಿಸಿತು. ಒದ್ದೆ ಕೂದಲಲ್ಲಿ ಮನೆಯ ಮೂಲೆ ತಿರುಗಿದರೆ ಮೆಟ್ಟಿಲ ಮೇಲೆ ಫ್ರಾವ್ ರೋಸ್ಕೆ ಕೂತಿದ್ದಾರೆ, ತೊಡೆಯ ಮೇಲೆ ಆ ನೀಲಿ ಚೀಲ.

"ಆರು ಐವತ್ತೆರಡು," ಅಂದರು. "ಎಂಟು ನಿಮಿಷ ಉಳಿದಿತ್ತು."

ಅವರ ಪಕ್ಕದಲ್ಲೇ ಕೂತೆ. ಅತ್ತುಬಿಟ್ಟೆ, ನಾಚಿಕೆ ಇಲ್ಲದೆ. ಅವರು ಟವೆಲ್ಲಿನಿಂದ ನನ್ನ ತಲೆ ಒರೆಸಿದರು. ಅದೆಲ್ಲ ಅವರ ಕೆಲಸವಲ್ಲ.

"ನೋಡಿಮ್ಮಾ, ಒಂದು ಮಾತು ಹೇಳ್ತೀನಿ. ಮೂವತ್ತು ವರ್ಷ ಬಾಗಿಲು ತಟ್ಟಿದೀನಿ. ಮದ್ದು ತಿನ್ನೋರು ಹೇಗೆ ಬಾಗಿಲು ತೆಗೀತಾರೆ ನನಗೆ ಗೊತ್ತು. ನೀವು ಹಾಗಲ್ಲ. ನೀವು ಯಾರೋ ಬಿಡಿಸಿಕೊಂಡು ಹೋಗೋಕೆ ಬಂದಿದಾರೆ ಅನ್ನೋ ಹಾಗೆ ತೆಗೀತೀರಿ."

"ಹಾಗಂದ್ರೆ?"

"ಗೊತ್ತಿಲ್ಲ. ಹಾಗೆ ಅನ್ನಿಸ್ತು."

ಮನೆಯೊಳಗಿದ್ದೂ ಬಾಗಿಲು ತೆಗೆಯದವರು ಯಾರಾದರೂ ಇದ್ದಾರಾ ಅಂತ ಕೇಳಿದೆ, ಮಾತು ಬದಲಿಸಲು. ಇದ್ದಾರೆ ಅಂದರು. ಸಿಕ್ಕಿಬಿದ್ದರೆ ಅದು ತಪ್ಪಿಸಿಕೊಂಡದ್ದರ ಲೆಕ್ಕಕ್ಕೆ ಹೋಗುತ್ತದೆ, ಮದ್ದು ತಿಂದದ್ದಕ್ಕೆ ಸಮ. ಸಿಗದಿದ್ದರೆ ಬರೀ ಒಂದು ಗೈರುಹಾಜರಿ.

ಜುಲೈ 21

ಪ್ರಾಗ್. ಮೊದಲ ಸುತ್ತು. ಸೋತೆ. ಗಾಢ ನಿದ್ದೆ.

ಆಗಸ್ಟ್ 7

ನ್ಯೂಯಾರ್ಕಿನ ಅರ್ಹತಾ ಸುತ್ತಿನಿಂದ ಹೆಸರು ಹಿಂತೆಗೆದೆ. ಸೊಂಟ ನೋವು. ಬಗ್ಗಿದರೆ ಎಡಗಡೆ ಹಿಡಿದುಕೊಳ್ಳುತ್ತದೆ. ಡಾಕ್ಟರು ಸ್ಕ್ಯಾನ್ ಚಿತ್ರ ತೆಗೆಸಿ ನೋಡಿದರು, ಏನೂ ಕಾಣುವುದಿಲ್ಲ ಅಂದರು. ಎಲ್ಲ ನೋವೂ ಚಿತ್ರದಲ್ಲಿ ಕಾಣುತ್ತದೆಯೇ?

ಸಂಜೆ ಅಂಕಣಗಳಿಗೆ ಜಾಲರಿ ಎಳೆದೆ, ಆರೂ ಅಂಕಣಕ್ಕೆ. ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಎಳೆದರೆ ಹೆಜ್ಜೆ ಗುರುತು, ಬಾಲ್ ಬಿದ್ದ ಗುರುತು ಎಲ್ಲ ಅಳಿಸಿ ನೆಲ ಸಪಾಟಾಗುತ್ತದೆ. ಗೆರೆಗಳ ಮೇಲಿನ ಪುಡಿಯನ್ನು ಕುಂಚದಿಂದ ಗುಡಿಸಿದೆ. ಇಷ್ಟು ನೆಮ್ಮದಿಯ ಕೆಲಸ ಇನ್ನೊಂದಿಲ್ಲ.

ಅಪ್ಪ ಬೇಲಿಗೆ ಒರಗಿ ನೋಡುತ್ತಿದ್ದ. "ಸೊಂಟ ನೋವು ಅಂದಿದ್ಯಲ್ಲ?"

"ಇದಕ್ಕೆ ನೋಯಲ್ಲ."

"ಹ್ಞೂಂ," ಅಂದ. ಪೈಪ್ ಸುತ್ತಲು ಹೋದ.

ಆಗಸ್ಟ್ 19

ಡೆಟ್ಲೆಫ್ ಬಂದಿದ್ದ. ಜಗಳ. ಕ್ಲಬ್ಬಿನ ಕಾರು ನಿಲ್ಲಿಸುವ ಜಾಗದಲ್ಲಿ, ನಾಲ್ಕು ಜನರ ಎದುರಿಗೆ.

"ರ್‍ಯಾಂಕಿಂಗ್ ನೂರಾ ಎಪ್ಪತ್ತಾಯ್ತು, ಗೊತ್ತೇನೇ?"

"ಗೊತ್ತು. ಸೆಪ್ಟೆಂಬರ್ 19 ಆಗಲಿ. ಆ ಗಂಟೆಯ ಭಯ ತಲೆಯಿಂದ ಹೋಗಲಿ, ಆಮೇಲೆ ನೋಡು."

"ಏನು ನೋಡ್ಲಿ? ಇಪ್ಪತ್ತಕ್ಕೆ ಹೊಸ ನೆಪ ಹುಡುಕ್ತೀಯ. ರೈಲಲ್ಲಿ ಮರ್ತೆ, ಆಗಸ್ಟ್ 12 ಖಾಲಿ ಬಿಟ್ಟೆ, ಗಂಟೆ ಹೊತ್ತಲ್ಲಿ ಈಜೋಕೆ ಹೋದೆ. ನೀನು ಮರೆಯೋಳಲ್ಲ ಕಣೇ. ಹನ್ನೊಂದು ವರ್ಷದಲ್ಲಿ ಒಂದು ಸಾಕ್ಸ್ ಮರ್ತಿಲ್ಲ ನೀನು."

"ಅಂದ್ರೆ ಬೇಕೂಂತ ಮಾಡ್ತಿದೀನಾ?"

"ನಾನು ಹಾಗೆ ಹೇಳಿಲ್ಲ. ನೀನೇ ಹೇಳಿದೆ."

ಎಂಥ ಮಾತು! ನಿದ್ದೆಗೆಟ್ಟು, ಎದೆ ಹೊಡೆದುಕೊಂಡು, ಆರು ತಿಂಗಳಿಂದ ಜೈಲಿನಂತೆ ದಿನ ಎಣಿಸುತ್ತಿರುವವಳಿಗೆ ಹೇಳುವ ಮಾತೇ ಇದು? ಅವನಿಗೇನು ಗೊತ್ತು. ಬೆಳಿಗ್ಗೆ ಎಂಟಕ್ಕೆ ಏಳುವವನು. ಕಾರಿನ ಬಾಗಿಲನ್ನು ಧಡಾರೆಂದು ಹಾಕಿಕೊಂಡು ಹೋದ. ಹೋಗಲಿ.

ಸೆಪ್ಟೆಂಬರ್ 4

ಇನ್ನು ಹದಿನೈದು ದಿನ. ಕಡಿಮೆಯಾಗುತ್ತ ಬಂದರೆ ಹಗುರಾಗಬೇಕಲ್ಲವೇ. ಹಾಗೇನೂ ಇಲ್ಲ.

ಸೆಪ್ಟೆಂಬರ್ 11

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಗಂಟೆಗಳನ್ನು ಹದಿನೈದರೊಳಗೆ ತುಂಬಿ ಕಳಿಸಬೇಕು. ಆ್ಯಪ್ ತೆರೆದು ಕೂತೆ. ಅಕ್ಟೋಬರ್ 1. ಚೌಕದ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಮುಚ್ಚಿಟ್ಟೆ. ಚಹಾ ಮಾಡಿದೆ, ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ತೊಂಬತ್ತೆರಡು ಚೌಕ.

ಅಪ್ಪ ಊಟದಲ್ಲಿ ಹೇಳಿದ: "ಚಳಿಗಾಲದಲ್ಲಿ ಒಳಾಂಗಣದಲ್ಲಿ ನಿನ್ನ ಸರ್ವ್ ಚೆನ್ನಾಗಿ ಕೂರುತ್ತೆ. ನೂರರೊಳಗೆ ಬರ್ತೀಯ ನೋಡ್ತಿರು." ಕ್ಲಬ್ಬಿನವರಿಗೂ ಹಾಗೇ ಹೇಳಿಕೊಂಡು ಬಂದಿದ್ದಾನೆ. ಹದಿನೆಂಟು ವರ್ಷ ಶನಿವಾರ ಶನಿವಾರ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಊರೂರು ತಿರುಗಿದ ಮನುಷ್ಯ. ನಾನು "ಹೌದಪ್ಪ" ಅಂದೆ.

ಸೆಪ್ಟೆಂಬರ್ 13

ಇಂದಿನದನ್ನು ಆದದ್ದು ಆದ ಹಾಗೆ ಬರೆಯುತ್ತೇನೆ. ಓದುವವಳು ನಾನೊಬ್ಬಳೇ, ನನಗೆ ನಾನೇ ಸುಳ್ಳು ಹೇಳಿಕೊಂಡದ್ದು ಸಾಕು.

ಐದಕ್ಕೆ ಅಪ್ಪ ಎಬ್ಬಿಸಿದ. ಅವನು ಹಿತ್ತಿಲ ಬಾಗಿಲಿನಿಂದ ಸೈಕಲ್ ತೆಗೆದುಕೊಂಡು ಕ್ಲಬ್ಬಿಗೆ ಹೋದ. ನಾನು ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕೂತಿದ್ದೆ. ಆರು ನಾಲ್ಕಕ್ಕೆ ಬೆಲ್ ಆಯಿತು.

ಎದ್ದೆ. ಬಾಗಿಲ ತನಕ ಹೋದೆ. ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಿಲ್ಲ.

ಏಳು ತಿಂಗಳಲ್ಲಿ ಮೊದಲ ಸಲ ಎದೆ ಶಾಂತವಾಗಿತ್ತು. ಇಷ್ಟೇ ತಾನೆ ಅನ್ನಿಸಿತು. ಸುಮ್ಮನೆ ನಿಂತರೆ ಸಾಕು, ಏಳು ಗಂಟೆಗೆ ಎಲ್ಲ ಮುಗಿಯುತ್ತದೆ. ಆಟ ಬಿಟ್ಟೆ ಅಂತ ನಾನು ಯಾರಿಗೂ ಹೇಳಬೇಕಾಗಿಲ್ಲ, ಅವರೇ ಬಿಡಿಸಿದರು ಅನ್ನಬಹುದು. ಅಪ್ಪನಿಗೆ, ಮತ್ತೆ ನಿದ್ದೆ ಹತ್ತಿಬಿಟ್ಟಿತ್ತಪ್ಪ ಅನ್ನಬಹುದು. ಅವನು ನನ್ನ ಮೇಲೆ ಕೋಪಿಸಿಕೊಳ್ಳುವುದಿಲ್ಲ, ನಿಯಮದ ಮೇಲೆ ಕೋಪಿಸಿಕೊಳ್ಳುತ್ತಾನೆ. ಆಟ ಬಿಡಬೇಕೆಂಬ ನನ್ನ ಆಸೆ ಡೆಟ್ಲೆಫ್‌ಗೆ ಕಂಡಿತ್ತು, ಆ ಮುದುಕಿಗೂ ಕಂಡಿತ್ತು. ನನಗೆ ಮಾತ್ರ ಬಾಗಿಲ ಹಿಂದೆ ಸಾಕ್ಸಿನಲ್ಲಿ ನಿಂತಾಗ ಕಂಡಿತು.

ಆರು ಹದಿನೈದಕ್ಕೆ ಮತ್ತೆ ಬೆಲ್ಲು. ಆರೂವರೆಗೆ ಮತ್ತೆ. ನಡುವೆ ಫ್ರಾವ್ ರೋಸ್ಕೆ ಕೆಮ್ಮುವುದು ಕೇಳುತ್ತಿತ್ತು. ನಮ್ಮ ನಡುವೆ ನಾಲ್ಕು ಬೆರಳು ದಪ್ಪದ ಮರ.

ಆಮೇಲೆ ಸೈಕಲ್ ಬಂದ ಸದ್ದು.

"ಓ, ಬಂದಿದೀರಾ! ಬಾಗಿಲು ತೆಗೀಲಿಲ್ವಾ ಇವಳು?" ಅಪ್ಪನ ಧ್ವನಿ.

"ಇಲ್ಲ ಹಾರ್ಮ್ಸ್ ಅವರೇ. ಆರು ನಲವತ್ತಾಯ್ತು."

"ಅಯ್ಯೋ, ಹಿಂದಿನಿಂದ ಹೋಗಿ ಎಬ್ಬಿಸ್ತೀನಿ ಇರಿ..." ನಾಲ್ಕು ಹೆಜ್ಜೆಯ ಸದ್ದು. ನಿಂತಿತು. ಅಡುಗೆಮನೆಯ ಕಿಟಕಿ ಇರುವುದು ಅಲ್ಲೇ. ಹೆಜ್ಜೆ ಹಿಂದಕ್ಕೆ ಬಂತು, ನಿಧಾನವಾಗಿ.

"ಎದ್ದಿದಾಳೆ," ಅಂದ. "ದೀಪ ಉರೀತಿದೆ."

ಅಪ್ಪ ಮೆಟ್ಟಿಲ ಮೇಲೆ ಕೂತದ್ದು ಗೊತ್ತಾಯಿತು. ಅವನ ಮಂಡಿ ಲಟಕ್ ಅನ್ನುತ್ತದೆ.

"ಇವಳಿಗೆ ಸಾಕಾಗಿದೆ ಮೇಡಂ."

"ಯಾವಾಗಿಂದ?"

"ನನಗೆ ಕಂಡಿದ್ದು ಏಪ್ರಿಲ್‌ನಲ್ಲಿ. ಗೆದ್ದ ದಿನ ಫೋನಲ್ಲಿ ದನಿನೇ ಇರಲ್ಲ. ಸೋತು ಬಂದ ದಿನ ಎರಡೆರಡು ತಟ್ಟೆ ತಿಂತಾಳೆ, ಪಾಪ."

"ನೀವು ಕೇಳಬಹುದಿತ್ತಲ್ಲ."

ನಾನು ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು ನಿಂತಿದ್ದೆ.

"ಕೇಳಿ, ಅವಳು ಹೌದಪ್ಪ ಅಂದುಬಿಟ್ರೆ? ಆಮೇಲೆ ನಾವಿಬ್ರೂ ಏನು ಮಾತಾಡೋದು? ಇವಳ ಅಮ್ಮ ಇದ್ದಿದ್ರೆ ಬೇರೆ. ನನಗೆ ಟೆನಿಸ್ ಬಿಟ್ರೆ ಬೇರೆ ಮಾತು ಬರಲ್ಲ ಮೇಡಂ. ಅದಕ್ಕೇ ಸುಮ್ನೆ ನೂರರೊಳಗೆ ಬರ್ತೀಯ, ನೂರರೊಳಗೆ ಬರ್ತೀಯ ಅಂತಿದ್ದೆ."

ಬಾಗಿಲು ತೆಗೆದೆ.

ಅಪ್ಪ ಮೇಲಕ್ಕೆ ನೋಡಿದ. ಮೊಣಕಾಲಿನ ತನಕ ಕೆಂಪು ಮಣ್ಣು, ಕಣ್ಣು ಒದ್ದೆ. ಫ್ರಾವ್ ರೋಸ್ಕೆ ಗಡಿಯಾರ ನೋಡಿದರು. "ಆರು ಐವತ್ತೊಂದು," ಅಂದು ಬರೆದುಕೊಂಡರು, ಅಷ್ಟೇ. "ಒಳಗೆ ಬರಬಹುದಾ?"

"ಬನ್ನಿ," ಅಂದೆ. ಅಪ್ಪನಿಗೆ, "ಹೌದಪ್ಪ," ಅಂದೆ.

ಅವನು ತಲೆಯಾಡಿಸಿದ. ಮತ್ತೆ ಮತ್ತೆ ಆಡಿಸುತ್ತಲೇ ಇದ್ದ. ಆಮೇಲೆ "ಚಹಾ ಇಡ್ತೀನಿ" ಅಂದು ಎದ್ದ.

ಮೂತ್ರ ಬರಲು ಒಂದೂ ಕಾಲು ಗಂಟೆ ಹಿಡಿಯಿತು. ಮೂರು ಕಪ್ ಚಹಾ, ಅರ್ಧ ಲೀಟರ್ ನೀರು. ಆ ಹೊತ್ತಿನಲ್ಲಿ ಮೇಜಿನ ಮುಂದೆ ಕೂತು ಫೋನಿನಲ್ಲೇ ಟೆನಿಸ್ ಒಕ್ಕೂಟಕ್ಕೆ ಬರೆದೆ: ವೃತ್ತಿಪರ ಟೆನಿಸ್‌ನಿಂದ ಇಂದಿನಿಂದ ನಿವೃತ್ತಿ ಹೊಂದುತ್ತಿದ್ದೇನೆ. ಒಂದೇ ಸಾಲು ಸಾಕಾಯಿತು. ಹತ್ತೊಂಬತ್ತನೇ ತಾರೀಕಿಗೆ ಕಾಯಲಿಲ್ಲ. ಕಳಿಸಿದ ಮೇಲೆ ಅಳು ಬಂತು, ಜೋರಾಗಿಯೇ ಬಂತು. ಇಪ್ಪತ್ತೈದು ವರ್ಷದ ಆಟ, ನಾನು ಅದನ್ನು ಪ್ರೀತಿಸಿದ್ದೆ. ಅಪ್ಪ ಬೆನ್ನ ಮೇಲೆ ಕೈಯಿಟ್ಟ, ಎರಡು ಸಲ ತಟ್ಟಿದ, ರೋಲರ್ ಎಂಜಿನ್ನನ್ನು ತಟ್ಟುವಂತೆ.

ಸೀಸೆಗಳಿಗೆ ಮುದ್ರೆ ಹಾಕಿ ಆದ ಮೇಲೆ ಸಹಿಯ ಹಾಳೆ. ಕೊನೆಯಲ್ಲಿ ಆಟಗಾರರು ಏನಾದರೂ ಹೇಳುವುದಿದ್ದರೆ ಬರೆಯಲು ನಾಲ್ಕು ಗೆರೆ ಜಾಗ ಬಿಟ್ಟಿರುತ್ತಾರೆ. ಈ ಹದಿಮೂರು ವರ್ಷದಲ್ಲಿ ಅಲ್ಲಿ ಒಂದಕ್ಷರ ಬರೆದವಳಲ್ಲ ನಾನು. ಇಂದು ಬರೆದೆ: "6.04ಕ್ಕೆ ಬೆಲ್ ಕೇಳಿಸಿತ್ತು. ನಾನು ಬಾಗಿಲ ಹಿಂದೆಯೇ ಇದ್ದೆ. ತೆಗೆಯಲು ತಡವಾದದ್ದು ನನ್ನಿಂದ."

ಫ್ರಾವ್ ರೋಸ್ಕೆ ಓದಿದರು. "ಇದನ್ನ ಬರೀಲೇಬೇಕು ಅಂತ ಇಲ್ಲಮ್ಮಾ. ಗಂಟೆಯೊಳಗೇ ತೆಗೆದಿದೀರಿ."

"ಇರಲಿ. ಇದ್ದದ್ದು ಇದ್ದ ಹಾಗೆ ಇರಲಿ."

ಪೆನ್ನು ತೆಗೆದುಕೊಂಡು ಕೆಳಗೆ ತಮ್ಮ ಸಹಿ ಹಾಕಿದರು. ಹೋಗುವಾಗ ಅಪ್ಪ ಅವರಿಗೆ ಕಲ್ಲುಸಕ್ಕರೆಯ ಪೊಟ್ಟಣ ಕೊಡಲು ಹೋದ. ಉಡುಗೊರೆ ತಗೊಳ್ಳುವ ಹಾಗಿಲ್ಲ ಅಂದರು. ನೀಲಿ ಚೀಲ ಹೆಗಲಿಗೇರಿಸಿ ಕಾರಿನ ತನಕ ಹೋದವರು ತಿರುಗಿ ಬಂದು ತಗೊಂಡರು.

ಡೆಟ್ಲೆಫ್‌ಗೆ ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ. "ಸದ್ಯ" ಅಂದ.

ಸೆಪ್ಟೆಂಬರ್ 14

ಎದ್ದಾಗ ಒಂಬತ್ತೂ ಇಪ್ಪತ್ತು.

ಅಪ್ಪ ಎಬ್ಬಿಸಿರಲಿಲ್ಲ. ಕ್ಲಬ್ಬಿಗೂ ಹೋಗಿರಲಿಲ್ಲ. ಅಡುಗೆಮನೆಯ ಮೇಜಿಗೆ ಎರಡು ಕಪ್ ಇಟ್ಟುಕೊಂಡು, ತಲೆ ಬಾಚಿಕೊಂಡು ಕೂತಿದ್ದ. ನಾನು ಎದುರಿಗೆ ಕೂತೆ. ಅವನು ಗಂಟಲು ಸರಿಮಾಡಿಕೊಂಡ, ಕಿಟಕಿ ನೋಡಿದ, ನನ್ನನ್ನು ನೋಡಿದ.

"ಮತ್ತೆ," ಅಂದ, "ನಿದ್ದೆ ಬಂತಾ?"